ಬಾಗಿಲು ತಟ್ಟುವವರು

ನಮ್ಮ ಮನೆಗೆ ಕರೆಗಂಟೆ ಇದೆ. ನಮ್ಮವರು ತಾವೇ ಸ್ಟೂಲು ಹತ್ತಿ ಕೂರಿಸಿದ್ದು. ಒತ್ತಿದರೆ ಒಳಗೆ ಹಕ್ಕಿ ಕೂಗುತ್ತದೆ. ತಮಿಳುನಾಡಿನ ಗಡಿಯೂರು ಹೊಸೂರಿನ ನಮ್ಮ ಬೀದಿಯಲ್ಲಿ ಹಾಲಿನವನಿಂದ ಹಿಡಿದು ಕೊರಿಯರ್‌ನವನವರೆಗೆ ಎಲ್ಲರೂ ಅದನ್ನೇ ಒತ್ತುತ್ತಾರೆ. ಅಜ್ಜಿ ಮಾತ್ರ ಒಂದು ದಿನವೂ ಒತ್ತಲಿಲ್ಲ. ಅಂಗೈಯಿಂದ ದಬದಬ ಬಡಿಯುತ್ತಿದ್ದರು, ಬಾಗಿಲು ತಮ್ಮದೇ ಎನ್ನುವ ಹಾಗೆ. ಒಮ್ಮೆ ಸಿಡುಕಿದೆ. "ಬೆಲ್ ಇದೆಯಲ್ಲ ಅಜ್ಜಿ, ಅದನ್ನ ಒತ್ತಬಾರದಾ?"

"ಅದ್ನ ಒತ್ತಿದ್ರೆ ಹಕ್ಕಿ ಬಂದಂಗಾಗ್ತದೆ ಕಣವ್ವ. ಬಂದಿರೋಳು ನಾನು" ಎಂದರು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ ಎಂದು ಅವರೇ ಹೇಳುತ್ತಿದ್ದರು. ಬೀದಿಗೆಲ್ಲ ಅಜ್ಜಿ. ನನಗೂ ತಲೆ ನೆರೆತು ಕೆಲಸದಿಂದ ನಿವೃತ್ತಿಯಾಗಿತ್ತು, ಆದರೂ ಎಲ್ಲರ ಜೊತೆ ನಾನೂ ಅಜ್ಜಿ ಎಂದೇ ಕರೆದೆ. ಜವಳಗಿರಿಯ ಕಡೆ ಕಾಡಂಚಿನ ಒಂದು ಹಳ್ಳಿಯವರು. ಬದುಕೆಲ್ಲ ರಾಗಿ, ಅವರೆ, ಹುರುಳಿ ಬೆಳೆದವರು. ಮಗ ತೀರಿಹೋದ ಮೇಲೆ ಹೊಲವನ್ನು ಬೆಳೆಯ ಪಾಲಿಗೆ ಬೇರೆಯವರಿಗೆ ಕೊಟ್ಟು, ಮಗಳು ರತ್ನಳ ಜೊತೆ ನಮ್ಮ ಎದುರುಮನೆಯ ಹಿಂದಿನ ಬಾಡಿಗೆ ಕೋಣೆಗೆ ಬಂದಿದ್ದರು. ರತ್ನ ಫ್ಯಾಕ್ಟರಿಯ ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಒಂದು ವಾರ ಹಗಲು ಶಿಫ್ಟು, ಒಂದು ವಾರ ರಾತ್ರಿ. ಮಿಕ್ಕ ಹೊತ್ತು ಅಜ್ಜಿ ಒಬ್ಬರೇ. ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಜಗಳ, ನೀರಿನ ಟ್ಯಾಂಕರಿನವನ ಹತ್ತಿರ ತಮಿಳಿನಲ್ಲಿ ಬೇಡಿಕೆ, ನನ್ನ ಹತ್ತಿರ, ದೇವರ ಹತ್ತಿರ ಕನ್ನಡ. ಬೈಯಲು ತೆಲುಗಿನಷ್ಟು ಸೊಗಸು ಯಾವುದರಲ್ಲೂ ಇಲ್ಲವೆಂಬುದು ಅವರ ಅಭಿಪ್ರಾಯ.

ದೇವರ ಹತ್ತಿರ ಕನ್ನಡ ಎಂದೆ, ಅದನ್ನು ತಿದ್ದಬೇಕು. ಮಗ ಹೋದ ಮೇಲೆ ಅವರು ದೇವರ ಹತ್ತಿರ ಮಾತೇ ಬಿಟ್ಟಿದ್ದರು. ಬೆಳಿಗ್ಗೆ ಎದ್ದು ಮುನೇಶ್ವರನ ಪಟಕ್ಕೆ ಹೂ ಇಟ್ಟು, ದೀಪ ಹಚ್ಚಿ, ಬೆನ್ನು ತಿರುಗಿಸಿಕೊಂಡು ಕೂತು ಕಾಫಿ ಕುಡಿಯುತ್ತಿದ್ದರು.

"ಮಾತಾಡದೆ ಇರೋರು ದೀಪ ಯಾಕೆ ಹಚ್ತೀರಿ?" ಎಂದು ಕೇಳಿದ್ದೆ.

"ಮನೇಲಿ ಮಾತು ಬಿಟ್ಟೋರ್ಗೂ ಅನ್ನ ಇಕ್ಕಲ್ವಾ? ಅಂಗೇಯ."

ನಾನು ದೀಪವನ್ನೂ ಬಿಟ್ಟಿದ್ದೆ. ನಾನು ತುಮಕೂರಿನ ಕಡೆಯವಳು. ನಮ್ಮವರ ಕಾರ್ಖಾನೆ ಕೆಲಸದ ಹಿಂದೆ ಹೊಸೂರಿಗೆ ಬಂದು, ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಮುದುಕಿಯಾದೆ. ನಮಗೆ ಮಕ್ಕಳಿಲ್ಲ. ಕಡೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿಂದ ನಮ್ಮವರಿಗೆ ಕಿಡ್ನಿ ಕೆಟ್ಟಿತು. ಉಪ್ಪು ಮುಟ್ಟುವಂತಿಲ್ಲ, ನೀರನ್ನೂ ಅಳೆದು ಕೊಡಬೇಕು, ಕಾಫಿಗೆ ಸಕ್ಕರೆಯೂ ಇಲ್ಲ. ಅವರಿಗೊಂದು ನನಗೊಂದು ಎಂದು ಮಾಡಲು ಮನಸ್ಸು ಬಾರದೆ ನಾನೂ ಅದನ್ನೇ ಉಂಡೆ. ಅಡುಗೆಮನೆಯಿಂದ ಉಪ್ಪಿನ ಡಬ್ಬಿಯನ್ನೇ ತೆಗೆದುಬಿಟ್ಟೆ. ಮಾವಿನಕಾಯಿ ಬರುವ ಕಾಲಕ್ಕೆ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಅವರು ತೀರಿಕೊಂಡರು. ನಾನು ಹೊರಗೆ ಕುರ್ಚಿಯ ಮೇಲಿದ್ದೆ. ಬಾಗಿಲಿಗೆ ಮಬ್ಬು ಗಾಜು, ಒಳಗೆ ಓಡಾಡುವವರ ನೆರಳು ಮಾತ್ರ ಕಾಣುತ್ತಿತ್ತು. ತಡೆಯಲಾರದೆ ಎದ್ದು ಹೋಗಿ ತಟ್ಟಿದೆ. ಕಾವಲಿನವನು ಮೆಲ್ಲಗೆ, "ಇಲ್ಲಿ ತಟ್ಟಬಾರದು ಮೇಡಂ" ಎಂದ. ಬಂದು ಕೂತೆ. ಆಮೇಲೆ ಬಾಗಿಲು ತಾನಾಗಿ ತೆರೆಯಿತು, ನನ್ನನ್ನು ಒಳಗೆ ಕರೆದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಮಾಧಾನ ಹೇಳಲು ಬಂದವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ದೇವರಿಗೆ ಒಳ್ಳೆಯವರೇ ಬೇಕಂತೆ ಎಂದಳು ಒಬ್ಬಳು. ಬಿಡುಗಡೆಯಾಯಿತು ಬಿಡಿ ಎಂದ ಇನ್ನೊಬ್ಬ. ಹಳೆಯ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಬೆಳಿಗ್ಗೆ ಕಮಲದ ಹೂವಿನ ಚಿತ್ರದ ಕೆಳಗೆ ಧ್ಯಾನದ ಮಹಿಮೆ ಬರೆದು ಫೋನಿಗೆ ಕಳಿಸುತ್ತಿದ್ದರು. ಹದಿನೈದು ದಿನ ಕಳೆಯುವುದರೊಳಗೆ ಅವರೆಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು, ತಪ್ಪಲ್ಲ. ಮನೆಯಲ್ಲಿ ನಾನೂ ನಮ್ಮವರ ಮಾತ್ರೆಯ ಡಬ್ಬಿಯೂ ಉಳಿದೆವು. ಮಧ್ಯಾಹ್ನವೆಲ್ಲ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಬದುಕುವ ಮನಸ್ಸು ಇರಲಿಲ್ಲ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆಗ ಶುರುವಾಯಿತು ಈ ಬಡಿತ. ಅಲ್ಲಿಯವರೆಗೆ ನಾನು ಅಜ್ಜಿಯನ್ನು ಕಂಡಿದ್ದೆನೇ ಹೊರತು ಮಾತಾಡಿಸಿರಲಿಲ್ಲ. ಮೊದಲ ದಿನ ಬಾಗಿಲು ತೆರೆದರೆ, ತಟ್ಟೆಯಲ್ಲಿ ಗಿಣಿಮೂತಿ ಮಾವಿನಕಾಯಿಯ ಹೋಳುಗಳು, ಮೇಲೆ ಉಪ್ಪು ಖಾರ.

"ತಿನ್ನು ಟೀಚರಮ್ಮ. ಹಲ್ಲು ಜುಮ್ ಅಂತದೆ."

"ಬೇಡ ಅಜ್ಜಿ."

"ಬ್ಯಾಡ್ವಾದ್ರೆ ಇಟ್ಕೊ. ನಾಳೆ ತಟ್ಟೆ ಈಸ್ಕೊಳಕ್ಕೆ ಬತ್ತೀನಿ."

ಅದೇ ಅವರ ಉಪಾಯ. ಮರುದಿನ ತಟ್ಟೆಗೆ ಬಂದರು, ಹೋಳುಗಳು ಹಾಗೇ ಇದ್ದವು. ಅವನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ತಾವೇ ತಿಂದು, ಬೇರೊಂದು ಬಟ್ಟಲು ಇಟ್ಟುಹೋದರು. ಹೀಗೆ ದಿನವೂ ಒಂದಲ್ಲ ಒಂದು ಪಾತ್ರೆ ನಮ್ಮ ಮನೆಯಲ್ಲಿ ಒತ್ತೆ ಇರುತ್ತಿತ್ತು, ಅದನ್ನು ಬಿಡಿಸಿಕೊಳ್ಳಲು ದಿನವೂ ಬಾಗಿಲು ಬಡಿಯುತ್ತಿದ್ದರು. ಒಂದು ದಿನ ನಾನು ಏಳದಿದ್ದಾಗ ತಾವೇ ಬಾಗಿಲು ತಳ್ಳಿಕೊಂಡು ಬಂದು ನನ್ನ ಮಡಿಲಿನ ಡಬ್ಬಿ ನೋಡಿದರು. ನನ್ನ ಮುಖವನ್ನೂ ನೋಡಿದರು. ಪಾತ್ರೆಯ ಜೊತೆಗೆ ಅದನ್ನೂ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು, "ಕಸದ ಗಾಡಿ ಬಂದದೆ, ಹಾಕ್ಬುಡ್ತೀನಿ" ಎಂದು ಹೊರಟೇಹೋದರು. ಕಸದ ಗಾಡಿ ಬಂದಿರಲಿಲ್ಲ. ನನಗೆ ಬಂದ ಕೋಪಕ್ಕೆ ಅಳತೆಯಿಲ್ಲ. ಹಿಂದೆಯೇ ಓಡಿ ಕಿತ್ತುಕೊಳ್ಳಬೇಕೆನಿಸಿತು, ಆದರೆ ಕೂತಲ್ಲೇ ಕೂತಿದ್ದೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಮ್ಮೂರಿನಲ್ಲೂ ಈ ಕಡೆಯಲ್ಲೂ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ. ಅವರು ಬಂದು ಉಣ್ಣಲಿ ಎಂದು ಅಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಂದು ಮಾತು ಕೂಗಿ ಹೇಳಿಯೇ ಒಳಗೆ ಹೋಗುವುದು. ಉಣ್ಣುತ್ತಿರುವವರ ಮೇಲೆ ಏಕಾಏಕಿ ನುಗ್ಗಬಾರದಲ್ಲ. ಚಿಕ್ಕಂದಿನಲ್ಲಿ ನಾವು ಹೊರಗೆ ಕೂತು ಹೊಟ್ಟೆ ಹಸಿದು ಕಿಸಿಕಿಸಿ ನಗುತ್ತಿದ್ದೆವು. ಅಮಾವಾಸ್ಯೆಯ ದಿನ ಅಜ್ಜಿ ಬಂದು, ಎಡೆಗೆ ಏನು ಮಾಡಿದೆ ಎಂದು ಕೇಳಿದರು.

"ನಾನು ಎಡೆ ಇಡಲ್ಲ ಅಜ್ಜಿ. ಮುಚ್ಚಿದ ಬಾಗಿಲ ಹೊರಗೆ ಇನ್ನೊಂದು ಸಲ ಕೂರಕ್ಕೆ ನನ್ನಿಂದ ಆಗಲ್ಲ" ಎಂದೆ. ಆಸ್ಪತ್ರೆಯ ಬಾಗಿಲಿನ ವಿಷಯ ಅವತ್ತೇ ಮೊದಲು ಬಾಯಿಬಿಟ್ಟು ಹೇಳಿದ್ದು. ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಬಾ ನಮ್ಮನೆಗೆ ಎಂದು ಎಬ್ಬಿಸಿಕೊಂಡು ಹೋದರು.

ಅವರ ಕೋಣೆಯಲ್ಲಿ ಆಗಲೇ ಎಡೆ ಮುಗಿದಿತ್ತು. ಗಂಡನಿಗೊಂದು, ಮಗನಿಗೊಂದು ಎಲೆ. ಹಿತ್ತಲಿನ ಗೋಡೆಯ ಮೇಲೆ ಇನ್ನೊಂದು ಎಲೆಯಿತ್ತು. ಅದರಲ್ಲಿ ರಾಗಿ ಮುದ್ದೆ, ಬೆಲ್ಲ, ಚಿಪ್ಪು ಬಾಳೆಹಣ್ಣು. ಯಾರಿಗೆ ಎಂದೆ.

"ಸಾಮಿಗೆ."

ಆ ಕಡೆಯವರು ಆನೆಯನ್ನು ಹೆಸರು ಹಿಡಿದು ಹೇಳುವುದಿಲ್ಲ, ಸಾಮಿ ಎನ್ನುತ್ತಾರೆ. ಅಜ್ಜಿಯ ಮಗ ರಾಗಿ ಕಾಯಲು ಹೋದವನು ಆನೆಯ ಕಾಲಿಗೆ ಸಿಕ್ಕಿದ್ದು ಬೀದಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಸಿಟ್ಟು ಬಂತು.

"ಮಗನನ್ನ ತುಳಿದಿದ್ದಕ್ಕೆ ಮುದ್ದೆ ಇಡ್ತೀರಾ? ಅಷ್ಟು ದೊಡ್ಡ ಮನಸ್ಸಾ ನಿಮ್ಮದು?"

"ದೊಡ್ಡ ಮನಸ್ಸೂ ಇಲ್ಲ ಏನೂ ಇಲ್ಲ ಕಣವ್ವ. ಅದ್ರ ಮನೆ ಹಾಳಾಗ ಅಂತ ದಿನಾ ಬೈತೀನಿ." ಗೋಡೆ ಹಿಡಿದು ನಿಂತು, ಎಲೆಯನ್ನು ಸರಿಯಾಗಿ ಇಟ್ಟರು. "ಆದ್ರೆ ನನ್ ಮಗನ್ನ ಕಡೇಗೆ ಮುಟ್ಟಿದ್ದು ಅದೇ ತಾನೆ. ನಾನಲ್ಲ. ನಾನು ಓಗೋ ಒತ್ಗೆ ತಣ್ಗಾಗ್ಬುಟ್ಟಿದ್ದ. ಅವ್ನು ಬಿಸಿಯಾಗಿದ್ದಾಗ ಮುಟ್ಟಿರೋದು ಈ ಪರ್ಪಂಚದಾಗೆ ಅದೊಂದೇ. ಅದ್ನೂ ಬಿಟ್ಬುಟ್ರೆ ನಂಗೆ ಯಾರವ್ರೆ?"

ಮಬ್ಬು ಗಾಜಿನ ಹಿಂದೆ ನಮ್ಮವರ ಕೈ ಹಿಡಿದ ಒಬ್ಬಳು ನರ್ಸ್ ಇದ್ದಿರಬೇಕು. ಅವಳ ಮುಖ ಕೂಡ ನಾನು ನೋಡಿರಲಿಲ್ಲ. ಗೋಡೆಗೆ ಒರಗಿ ಜೋರಾಗಿ ಅತ್ತೆ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಅಜ್ಜಿ ನನ್ನ ಬೆನ್ನು ಸವರಲಿಲ್ಲ, ಸುಮ್ಮನಿರು ಎನ್ನಲಿಲ್ಲ, ತಾವೂ ಪಕ್ಕದಲ್ಲಿ ನಿಂತು ಅತ್ತರು. ಅಷ್ಟರಲ್ಲಿ ಬೀದಿಯ ಹಸುವೊಂದು ಬಂದು ಗೋಡೆಯ ಮೇಲೆ ಮೂತಿಯಿಟ್ಟು ಎಲೆಯನ್ನೇ ಎಳೆದುಕೊಂಡಿತು.

"ವರ್ಷಾನೂ ಇದೇ ತಿನ್ನೋದು. ಸಾಮಿಗೆ ಓಗಿ ಹೇಳ್ತದೋ ಇಲ್ವೋ" ಎಂದು ಅಜ್ಜಿ ಮೂಗು ಒರೆಸಿಕೊಂಡು ನಕ್ಕರು. ನನಗೂ ನಗು ಬಂತು.

ಅವತ್ತು ನಾನು ಒಲೆ ಹಚ್ಚಿದೆ. ಅಜ್ಜಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ಬೇಳೆ ಬೆಂದಿತು, ಸಾರಿಗೆ ಒಗ್ಗರಣೆ ಬಿತ್ತು, ಲೋಟಕ್ಕೆ ಕಾಫಿ ಬಗ್ಗಿಸಿದೆ.

"ಉಪ್ಪು ಹಾಕಿದ್ದು ಕಾಣ್ನಿಲ್ವಲ್ಲ" ಎಂದರು.

"ಅವರಿಗೆ ಉಪ್ಪು ಆಗಲ್ಲ ಅಜ್ಜಿ. ಕಾಫಿಗೂ ಸಕ್ಕರೆ ಹಾಕಿಲ್ಲ."

"ಸತ್ತೋರ್ಗೂ ಪಥ್ಯವೇನವ್ವ? ಇನ್ನೇನಾಗ್ತದೆ ಅವ್ರಿಗೆ?"

ಆ ಮಾತು ನಾಟಿತು. ಇನ್ನೇನೂ ಆಗುವುದಿಲ್ಲ. ವರ್ಷಗಟ್ಟಲೆ ಯಾರ ಮನೆಯ ಊಟದಲ್ಲಾದರೂ ಅವರು ಒಂದು ಚೂರು ಉಪ್ಪಿನಕಾಯಿಗೆ ಕೈ ಚಾಚಿದಾಗಲೆಲ್ಲ ಪಕ್ಕಕ್ಕೆ ಸರಿಸಿದ್ದೆ, ಅವರು ಬದುಕಲಿ ಎಂದು. ಅವರನ್ನು ಬದುಕಿಸಿಕೊಳ್ಳಲು ನನಗೆ ಗೊತ್ತಿದ್ದ ಕೆಲಸ ಅದೊಂದೇ, ಸತ್ತ ಮೇಲೂ ಅದನ್ನೇ ಮಾಡುತ್ತಿದ್ದೆ. ಮನೆಯಲ್ಲಿ ಉಪ್ಪೇ ಇಲ್ಲ ಎಂದೆ. ಅಜ್ಜಿ ಎದ್ದು ಹೋಗಿ ಹಿಡಿ ತುಂಬ ಕಲ್ಲುಪ್ಪು ತಂದರು. ಕೈಯಿಂದ ಕೈಗೆ ಉಪ್ಪು ಕೊಡಬಾರದು ಎಂದು ನನಗೆ ಕೊಡದೆ ತಾವೇ ಸಾರಿನ ಪಾತ್ರೆಗೆ ಹಾಕಿದರು. ಸರಿಯಾಗಿದೆಯೋ ಇಲ್ಲವೋ ನೋಡುವಂತಿಲ್ಲ, ಎಡೆಯ ಅಡುಗೆಯನ್ನು ಮೊದಲು ಯಾರೂ ರುಚಿ ನೋಡಬಾರದು. ಕಾಫಿಗೆ ಸಕ್ಕರೆಯನ್ನೂ ಅವರ ಮನೆಯಿಂದಲೇ ತರಿಸಿ ಹಾಕಿದೆ.

ಬಡಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಒಳಗೆ ಚೂರು ಸದ್ದಿಲ್ಲ. ಎದ್ದು ಓಡಿಹೋಗಬೇಕೆನಿಸಿತು. ಅಜ್ಜಿ ನನ್ನ ಮಣಿಕಟ್ಟನ್ನು ಹಿಡಿದೇ ಇದ್ದರು, ಎದುರುಮನೆಯವರ ಸೊಸೆಯ ಮೇಲೆ ಚಾಡಿ ಹೇಳುತ್ತಲೇ ಇದ್ದರು. ಯಾವ ಸೀರೆ, ಯಾವ ಜಗಳ, ಯಾರು ಯಾರಿಗೆ ಏನಂದರು ಎಂಬುದೆಲ್ಲ ಒಂದೇ ಸಮನೆ. ಒಂದೂ ನನ್ನ ತಲೆಗೆ ಹೋಗಲಿಲ್ಲ, ಆದರೆ ಹೊತ್ತು ಹೋಯಿತು. ಇನ್ನು ತಟ್ಟು ಎಂದರು. ಕೈ ಎತ್ತಿದೆ, ತಟ್ಟಲು ಆಗಲಿಲ್ಲ. ತಟ್ಟಿದರೆ ಅವರು ಎದ್ದು ಹೋಗಬೇಕಲ್ಲ.

"ಈ ವರ್ಷ ನಾನು ತಟ್ತೀನಿ. ಬರೋ ವರ್ಷ ನೀನೇ ತಟ್ಬೇಕು" ಎಂದು ಅಂಗೈಯಿಂದ ದಬದಬ ಬಡಿದು, "ಉಂಡಾಯ್ತಾ? ನಾವು ಒಳೀಕ್ ಬತ್ತೀವಿ" ಎಂದು ಕೂಗಿದರು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸರಿಹೋಗಲಿಲ್ಲ. ಆದರೆ ಉಪ್ಪಿನ ಡಬ್ಬಿ ತಂದಿಟ್ಟೆ, ಅಜ್ಜಿ ಕರೆದಲ್ಲಿಗೆ ಹೋಗತೊಡಗಿದೆ. ಅವರು ಕರೆಯುತ್ತಿದ್ದುದು ಬಸ್ಸಿಗೆ. ನಮ್ಮಲ್ಲಿ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಅಜ್ಜಿಗೆ ಅದಕ್ಕಿಂತ ದೊಡ್ಡ ಸುಖ ಲೋಕದಲ್ಲಿರಲಿಲ್ಲ. ಕಿಟಕಿಯ ಪಕ್ಕದ ಸೀಟು ಅವರಿಗೇ ಬೇಕು. ಅದಕ್ಕಾಗಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಎಲೆಯಡಿಕೆ ಚೀಲ ಎಸೆದು ಜಾಗ ಹಿಡಿಯುತ್ತಿದ್ದರು. ಕಂಡಕ್ಟರು, "ಪಾಟಿ, ಎಂಗೆ ಪೋರೀಂಗ?" ಎಂದು ಎಲ್ಲಿಗೆ ಹೊರಟಿರಿ ಅಂತ ಕೇಳಿದರೆ, "ಸುಮ್ಮಾ ತಾಂಪ್ಪಾ" ಎನ್ನುವರು. ಸುಮ್ಮನೆ ಬೇರಿಕೆ ಎಂಬ ಊರಿಗೆ ಹೋಗುವುದು, ಸಂತೆಯಲ್ಲಿ ಒಂದು ಸುತ್ತು, ಒಂದು ಬೋಂಡ, ಒಂದು ಟೀ. ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನನ್ನ ಮೂಗಿಗೆ ಹಿಡಿದು "ಎಳಿ, ಎಳಿ" ಎಂದು ವಾಸನೆ ಎಳೆಸುವುದು. ಮತ್ತೆ ಬಸ್ಸು ಹತ್ತಿ ಬರುವುದು. ಗಣಿತದವಳಾದ ನನಗೆ ಇದರಲ್ಲಿ ಏನು ಲಾಭ ಎಂದು ತಿಳಿಯುತ್ತಿರಲಿಲ್ಲ. ಮನೆಗೆ ಬಂದರೆ ಮಾತ್ರ ಆ ಸಂಜೆ ಹೇಗೋ ಕಳೆದಿರುತ್ತಿತ್ತು.

ಇದು ಅವರ ಸ್ವಭಾವ, ಕೆಲವರು ಹುಟ್ಟಾ ಹಾಗಿರುತ್ತಾರೆ ಎಂದು ನಾನು ತಿಳಿದಿದ್ದೆ. ಕಾರ್ತೀಕದಲ್ಲಿ ಒಂದು ದಿನ ಬಸ್ಸು ರಾಗಿ ಹೊಲಗಳ ಪಕ್ಕದಲ್ಲಿ ಹೋಗುತ್ತಿತ್ತು. ಪೈರು ತೆನೆಗೆ ಬಂದಿತ್ತು. ಯಾರೋ ಕಾವಲಿಗೆ ಅಟ್ಟಣೆ ಕಟ್ಟಿದ್ದರು. ಅಜ್ಜಿಯ ಮಾತು ನಿಂತಿತು. ಮುಂದಿನ ಸೀಟಿನ ಕಂಬಿ ಹಿಡಿದು ಅದಕ್ಕೆ ಹಣೆ ಚಚ್ಚಿಕೊಳ್ಳತೊಡಗಿದರು. ನಾನು ಕೈ ಅಡ್ಡ ಇಟ್ಟೆ, ನನ್ನ ಕೈಯನ್ನೇ ಚಚ್ಚಿದರು. ಬಾಯಿಗೆ ಸೆರಗು ತುರುಕಿಕೊಂಡಿದ್ದರು, ಆದರೂ ಒಳಗಿಂದ ಬಂದ ಆ ಸದ್ದಿಗೆ ಬಸ್ಸೆಲ್ಲ ತಿರುಗಿ ನೋಡಿತು. ಬೇರಿಕೆಯಲ್ಲಿ ಇಳಿದು ಮರದ ಕೆಳಗೆ ಕೂರಿಸಿದೆ. ಊದಿದ ಹಣೆಯಲ್ಲೇ ನನ್ನ ಕಡೆ ತಿರುಗಿ, "ಬೋಂಡ ತತ್ತೀಯಾ?" ಎಂದರು.

"ಈಗ ಬೋಂಡನಾ ಅಜ್ಜಿ?"

"ತಿನ್ನೇಬೇಕು ಕಣವ್ವ. ಇವತ್ತು ಬಿಟ್ರೆ ನಾಳೀಕೆ ಬಸ್ ಅತ್ತಲ್ಲ ನಾನು. ನಾಳೀಕೆ ಅತ್ನಿಲ್ಲಾಂದ್ರೆ ಆಮ್ಯಾಕೆ ಎದ್ದೇಳದೇ ಇಲ್ಲ. ನಂಗೊತ್ತು, ಒಂದ್ ದಪ ಅಂಗಾಗಿತ್ತು."

ಕಣ್ಣೀರು ಸುರಿಸುತ್ತಲೇ ಒಂದೊಂದೇ ತುಣುಕು ಬಾಯಿಗಿಟ್ಟು, ನುಂಗಲಾರದೆ ನುಂಗಿದರು. ಆಮೇಲೆ, "ಸಾಯಲಿ, ಖಾರ ಚೆನ್ನಾಗಿ ಹಾಕವ್ನೆ" ಎಂದರು. ಅಷ್ಟು ದಿನ ನನ್ನ ಬಾಗಿಲು ಬಡಿಯುತ್ತಿದ್ದವರು ನನ್ನೊಬ್ಬಳಿಗಾಗಿ ಬರುತ್ತಿರಲಿಲ್ಲ ಎಂದು ಅವತ್ತು ಗೊತ್ತಾಯಿತು. ನಾನು ಬಾಗಿಲು ತೆರೆಯದಿದ್ದರೆ ಅವರಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಅವತ್ತಿನಿಂದ ನಾನು ಅವರ ಬಡಿತಕ್ಕೆ ಮೊದಲೇ ಎದ್ದು, ಮುಖ ತೊಳೆದು ಕಾಯುತ್ತಿದ್ದೆ.

ಸಂಕ್ರಾಂತಿ ಕಳೆದಿತ್ತು. ಸೊಗಡಿನ ಅವರೆಕಾಯಿ ತಂದಿದ್ದೆವು. ಅಜ್ಜಿ ಕಾಳು ಬಿಡಿಸಿ ನೆನೆಹಾಕಿಟ್ಟು, "ಬೆಳಿಗ್ಗೆ ಬತ್ತೀನಿ, ಕೂಡ್ಕಂಡು ಹಿತುಕೋಣ" ಎಂದು ಹೋಗಿದ್ದರು. ಬೆಳಿಗ್ಗೆ ಮಂಜು ಕವಿದಿತ್ತು. ನಾನು ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂತೇ ಇದ್ದೆ, ಬಾಗಿಲು ಬಡಿಯಲಿಲ್ಲ. ರತ್ನಳಿಗೆ ರಾತ್ರಿ ಶಿಫ್ಟಿನ ವಾರ, ಕಂಪನಿ ಬಸ್ಸು ಇನ್ನೂ ಬಂದಿರಲಿಲ್ಲ. ಎದ್ದು ಹೋದೆ. ಅವರ ಬಾಗಿಲು ಮುಚ್ಚಿತ್ತು. ಅದರ ಮುಂದೆ ನಿಂತಾಗ ಆಸ್ಪತ್ರೆಯ ಮಬ್ಬು ಗಾಜು ಕಣ್ಣಿಗೆ ಕಟ್ಟಿತು. ತಟ್ಟಿದೆ. ಉತ್ತರವಿಲ್ಲ. ಅಗುಳಿ ಹಾಕಿರಲಿಲ್ಲ, ತಳ್ಳಿಕೊಂಡು ಒಳಗೆ ಹೋದೆ.

ಚಾಪೆಯ ಮೇಲಿದ್ದರು. ಉಸಿರಿತ್ತು, ಬಾಯಿ ಓರೆಯಾಗಿತ್ತು. ನನ್ನನ್ನು ಕಂಡ ಕೂಡಲೆ ಕಣ್ಣು ಅರಳಿತು. ಬೀದಿಯವರನ್ನು ಕೂಗಿ ಆಂಬುಲೆನ್ಸಿಗೆ ಹೇಳಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಏನೋ ಹೇಳಲು ನೋಡಿದರು, ಮಾತು ಹೊರಡಲಿಲ್ಲ. ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಅವರು ದಿನಾ ನನ್ನ ಜೊತೆ ಮಾತಾಡುತ್ತಿದ್ದುದನ್ನೇ ನಾನು ಮಾತಾಡಿದೆ, ಎದುರುಮನೆಯ ಸೊಸೆ, ಬೇರಿಕೆಯ ಬೋಂಡ, ಹಿತುಕಬೇಕಾದ ಅವರೆ. ಆಂಬುಲೆನ್ಸು ಬೀದಿಗೆ ತಿರುಗುವ ಹೊತ್ತಿಗೆ ಅವರ ಕೈಯ ಹಿಡಿತ ಸಡಿಲವಾಯಿತು. ಕೈ ಬಿಸಿಯಾಗಿಯೇ ಇತ್ತು. ಈ ಸಲ ನಾನು ಬಾಗಿಲ ಒಳಗಿದ್ದೆ. ಆ ಬಿಸಿ ಆರುವವರೆಗೂ ಬಿಡಲಿಲ್ಲ. ರತ್ನ ಬಂದ ಮೇಲೆ ಅವಳ ಕೈಗೆ ಅಮ್ಮನ ಕೈ ಕೊಟ್ಟೆ.

ಮೊನ್ನೆ ಮಹಾಲಯ ಅಮಾವಾಸ್ಯೆ. ರತ್ನಳಿಗೆ ರಜೆ ಸಿಗಲಿಲ್ಲ. "ನಿಮ್ಮನೇಲೇ ಅಮ್ಮಂಗೂ ಒಂದ್ ಎಲೆ ಇಕ್ಬುಡಿ ಟೀಚರಮ್ಮ" ಎಂದು ಹೇಳಿ ಬಸ್ಸಿಗೆ ಓಡಿದಳು. ಒಬ್ಬಳೇ ಅಡುಗೆ ಮಾಡಿದೆ. ನಮ್ಮವರಿಗೆ ಒಂದೆಲೆ, ಸಕ್ಕರೆ ಹಾಕಿದ ಕಾಫಿ, ಉಪ್ಪಿನಕಾಯಿ. ಅಜ್ಜಿಗೆ ಒಂದೆಲೆ, ಬೋಂಡ, ಎಲೆಯಡಿಕೆ. ಹಿತ್ತಲ ಗೋಡೆಯ ಮೇಲೆ ಮುದ್ದೆ, ಬೆಲ್ಲ, ಬಾಳೆಹಣ್ಣು. ಹೊರಗೆ ಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಮಣಿಕಟ್ಟು ಹಿಡಿಯುವವರಿಲ್ಲ, ಚಾಡಿ ಹೇಳುವವರಿಲ್ಲ. ಒಳಗೆ ಇಬ್ಬರೂ ಇದ್ದಾರೆ ಎಂದುಕೊಂಡೆ. ಅಜ್ಜಿ ನಮ್ಮವರಿಗೆ ಇನ್ನೊಂದಿಷ್ಟು ಬಡಿಸಿಕೊಳ್ಳಲು ಹೇಳುತ್ತಿರಬಹುದು. ಅವರಿಬ್ಬರೂ ಅಲ್ಲಿ, ನಾನೊಬ್ಬಳು ಇಲ್ಲಿ ಎನಿಸಿತು. ಎಷ್ಟೋ ಹೊತ್ತು ಏಳಲೇ ಇಲ್ಲ. ಅಡುಗೆ ಆರಿರಬೇಕು. ಬರುವ ವರ್ಷ ನೀನೇ ತಟ್ಟಬೇಕು ಎಂದಿದ್ದರಲ್ಲ.

ಎದ್ದೆ. ಕೈ ರೂಢಿಯಂತೆ ಕರೆಗಂಟೆಯ ಕಡೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಅಂಗೈಯಿಂದ ದಬದಬ ಬಡಿದೆ. "ಉಂಡಾಯ್ತಾ? ನಾನು ಒಳೀಕ್ ಬತ್ತೀನಿ" ಎಂದು ಬೀದಿಗೆ ಕೇಳುವ ಹಾಗೆ ಕೂಗಿ, ಬಾಗಿಲು ತಳ್ಳಿದೆ.

ಎರಡೂ ಎಲೆಯಿಂದ ತೆಗೆದುಕೊಂಡು ನೆಲದ ಮೇಲೆ ಕೂತು ಉಂಡೆ. ರುಚಿ ನೋಡದೆ ಮಾಡಿದ್ದು, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಳುತ್ತಲೇ ಅಷ್ಟನ್ನೂ ಉಂಡೆ.